ಬಿಡಿ ಸಂಘದ ಮುದ್ರೆ

ಇಪ್ಪತ್ತಮೂರು ವರ್ಷ ನಾನು ನನ್ನ ಸ್ವಂತ ಮನೆಯಲ್ಲಿ ಒಂದು ಲೋಟ ಬಿಸಿ ಕಾಫಿ ಕುಡಿದಿರಲಿಲ್ಲ. ಇದನ್ನು ಕೇಳಿ ಅಯ್ಯೋ ಪಾಪ ಅನ್ನುವವರು ಈಗಲೇ ಎದ್ದು ಹೋಗಬಹುದು. ಪಾಪ ಅನ್ನಿಸಿಕೊಳ್ಳುವುದಕ್ಕೆ ನಾನಿದನ್ನು ಹೇಳುತ್ತಿಲ್ಲ. ಸಿಟ್ಟು ಬಂದಿದೆ, ಅದಕ್ಕೆ ಹೇಳುತ್ತಿದ್ದೇನೆ. ಆ ಸಿಟ್ಟಿನಲ್ಲಿ ಅರ್ಧ ಊರಿನ ಮೇಲೆ, ಕಾಲು ಭಾಗ ನಮ್ಮ ಸಂಘದ ಮೇಲೆ, ಮಿಕ್ಕಿದ್ದು ನನ್ನ ಮೇಲೆ.

ನಮ್ಮೂರಲ್ಲಿ ಮುದ್ರೆ ಬೀಳದ ಒಲೆ ಹತ್ತುವುದಿಲ್ಲ. ವರ್ಷಕ್ಕೊಮ್ಮೆ, ಮಾವಿನಕಾಯಿ ಪೇಟೆಗೆ ಬರುವ ಹೊತ್ತಿಗೆ, ಪುರಸಭೆಯವರು ಮನೆಮನೆಗೆ ಬಂದು ಒಲೆಯ ಹಣೆಗೆ ಮುದ್ರೆ ಒತ್ತಿ ಹೋಗುತ್ತಾರೆ. ಗಂಡ, ಹೆಂಡತಿ, ಅವರ ಮಕ್ಕಳು, ಗಂಡನ ಅಪ್ಪ ಅಮ್ಮ, ಇಷ್ಟು ಜನಕ್ಕೆ ಒಂದು ದೊಡ್ಡ ಮುದ್ರೆ. ಒಂಟಿಯಾಗಿರುವವರಿಗೆ ಒಂದು ಸಣ್ಣದು. ಈ ಲೆಕ್ಕಕ್ಕೆ ಸೇರದವರು ಒಂದೇ ಸೂರಿನಡಿ ಬಾಳಲು ಶುರು ಮಾಡಿದರೆ ಆ ಮನೆಯಲ್ಲಿ ಬೆಂಕಿ ಹಿಡಿಯುವುದಿಲ್ಲ. ಸೌದೆ ಒಲೆಯಾದರೂ ಅಷ್ಟೇ, ಸೀಮೆಎಣ್ಣೆ ಸ್ಟವ್ ಆದರೂ ಅಷ್ಟೇ, ಗ್ಯಾಸ್ ಆದರೂ ಅಷ್ಟೇ. ಕಡ್ಡಿ ಗೀರಿದರೆ ಫುಸ್ ಅನ್ನುತ್ತದೆ, ಒಂದು ಎಳೆ ಹೊಗೆ ಬರುತ್ತದೆ, ಮುಗಿಯಿತು. ಹೋಟೆಲಿನಿಂದ ತರೋಣವೆಂದರೆ ಹೊಸ್ತಿಲು ದಾಟುವಷ್ಟರಲ್ಲಿ ತಣ್ಣಗಾಗಿರುತ್ತದೆ.

ಊರಿನವರಿಗೆ ಇದು ರೂಢಿಯಾಗಿಬಿಟ್ಟಿದೆ. ನೆಂಟರು ಮೂರು ದಿನಕ್ಕಿಂತ ಹೆಚ್ಚು ಉಳಿದರೆ ಉರಿ ಸಣ್ಣಗಾಗುತ್ತದೆ. "ಯಾಕೋ ಉರಿ ಕಮ್ಮಿ ಆಗ್ತಿದೆ ನೋಡಿ ಅತ್ತಿಗೆ" ಎಂದರೆ ಸಾಕು, ನೆಂಟರು ತಮ್ಮ ಚೀಲ ಹುಡುಕುತ್ತಾರೆ. ನಮ್ಮ ಎದುರುಮನೆಯ ಸುಬ್ಬಲಕ್ಷ್ಮಿಯ ಗಂಡ ಇಪ್ಪತ್ತೊಂದು ವರ್ಷದ ಹಿಂದೆಯೇ ಬೇರೆ ಸಂಸಾರ ಹೂಡಿದ. ಆದರೂ ಮುದ್ರೆ ಒತ್ತುವ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕುರ್ಚಿಯಲ್ಲಿ ಕೂರುತ್ತಾನೆ, ಮಜ್ಜಿಗೆ ಕುಡಿಯುತ್ತಾನೆ, ಸಹಿ ಹಾಕಿ ಹೋಗುತ್ತಾನೆ. ವರ್ಷವಿಡೀ ಆ ಒಲೆ ಧಗಧಗ ಉರಿಯುತ್ತದೆ. ಕಾಗದದಲ್ಲಿ ಗಂಡನಿದ್ದರೆ ಬೆಂಕಿಗೂ ಸಮಾಧಾನ.

ಭ್ರಮರಾಂಬ ಮತ್ತು ನಾನು, ಇಬ್ಬರು ಹೆಂಗಸರು, ಜೊತೆಗೆ ಮನೆ ಮಾಡಿದ ಮೊದಲ ದಿನ ಒಂದು ಬೆಂಕಿಪೊಟ್ಟಣ ಪೂರ್ತಿ ಖಾಲಿ ಮಾಡಿದೆವು. ಒಂದು ಕಡ್ಡಿಯೂ ಹಿಡಿಯಲಿಲ್ಲ. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ಗಟ್ಟಿಗಿತ್ತಿ. ಪಾಯಸಕ್ಕೆಂದು ತೆಗೆದಿಟ್ಟ ಬೆಲ್ಲವನ್ನು ಅವಲಕ್ಕಿಗೆ ಹಾಕಿ ಕಲಸಿ ನನ್ನ ಮುಂದಿಟ್ಟಳು. ಮಾರನೇ ಬೆಳಿಗ್ಗೆ ಎದ್ದವಳೇ ಒಲೆಯ ಮುಂದೆ ಹೋಗಿ ಇನ್ನೊಂದು ಕಡ್ಡಿ ಗೀರಿದಳು. ಯಾಕೆ ಅಂತ ಕೇಳಿದೆ. "ಹಾಜರಿ ಹಾಕ್ತಿದೀನಿ. ನಾವಿನ್ನೂ ಇಲ್ಲೇ ಇದೀವಿ ಅಂತ ಇದಕ್ಕೆ ಗೊತ್ತಾಗ್ಲಿ" ಎಂದಳು. ಅವತ್ತಿನಿಂದ ದಿನಕ್ಕೊಂದು ಕಡ್ಡಿ. ಚಳಿಗಾಲದಲ್ಲಿ ತಣ್ಣೀರು ಮೈಮೇಲೆ ಸುರಿದುಕೊಂಡು ಹಲ್ಲು ಕಟಕಟ ಅನ್ನುವಾಗಲೂ ಅವಳು ಹಾಜರಿ ತಪ್ಪಿಸಲಿಲ್ಲ. ಬೇರೆ ಬೇರೆ ಮನೆ ಮಾಡಿಕೊಂಡು ಎರಡು ಸಣ್ಣ ಮುದ್ರೆ ಹಾಕಿಸಿಕೊಳ್ಳಿ ಎಂದು ನನ್ನ ಅಣ್ಣ ಬುದ್ಧಿ ಹೇಳಲು ಬಂದಿದ್ದ. ಅವನಿಗೆ ತಣ್ಣನೆಯ ಮಜ್ಜಿಗೆ ಕೊಟ್ಟು ಕಳಿಸಿದೆವು.

ಇಲ್ಲಿ ನನ್ನ ನಾಚಿಕೆಗೇಡಿನ ಮಾತೊಂದನ್ನು ಹೇಳಿಬಿಡಬೇಕು. ನನ್ನದು ಮುದ್ರೆ ಕೆತ್ತುವ ಕಸುಬು. ಬಸ್ ನಿಲ್ದಾಣದ ಹಿಂದೆ ನಮ್ಮಪ್ಪನ ಕಾಲದ ಅಂಗಡಿ. ಶಾಲೆಗಳ ಮುದ್ರೆ, ವೈದ್ಯರ ಮುದ್ರೆ, ಕೊನೆಗೆ ಪುರಸಭೆಯ ಒಲೆ ಮುದ್ರೆಗಳೂ ನನ್ನ ಕೈಯಿಂದಲೇ ಆಗಬೇಕು. ಪ್ರತಿ ವರ್ಷ ಮಾವಿನಕಾಯಿ ಕಾಲಕ್ಕೆ ಒಂದು ತಿಂಗಳ ಮುಂಚೆ, ಇಪ್ಪತ್ತೇಳು ವಾರ್ಡಿನ ಅಷ್ಟೂ ಮುದ್ರೆಗಳನ್ನು ಗೋಣಿಚೀಲದಲ್ಲಿ ತುಂಬಿ ನನ್ನ ಅಂಗಡಿಗೆ ತಂದು ಸುರಿಯುತ್ತಾರೆ. ಸವೆದ ರಬ್ಬರು ಕಿತ್ತು ಹೊಸದು ಕೆತ್ತಿ, ಹಲಸಿನ ಮರದ ಹಿಡಿಗೆ ಅಂಟಿಸಿ ಕೊಡುತ್ತೇನೆ. ಊರಿಗೆಲ್ಲ ಬೆಂಕಿ ಹಂಚುವ ಮುದ್ರೆಯನ್ನು ತಣ್ಣನೆಯ ಅನ್ನ ತಿಂದ ಕೈ ಕೆತ್ತುತ್ತಿತ್ತು. ಹೊಟ್ಟೆಪಾಡು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಭ್ರಮರಾಂಬ ಆ ಒಂದು ತಿಂಗಳು ಅಂಗಡಿಯ ಕಡೆ ಬರುತ್ತಿರಲಿಲ್ಲ.

ಸಂಘ ಹುಟ್ಟಿದ್ದು ದಸ್ತಗೀರಣ್ಣನ ಸೈಕಲ್ ಶಾಪಿನ ಹಿಂದಿನ ಕೋಣೆಯಲ್ಲಿ. ದಸ್ತಗೀರಣ್ಣ ಮತ್ತು ಶೇಷಾಚಲ ಮೇಷ್ಟ್ರು ನಮಗಿಂತ ಎಷ್ಟೋ ವರ್ಷ ಮೊದಲೇ ಜೊತೆಗೂಡಿದವರು. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಊರಲ್ಲಿ ಆಗ ಎರಡು ಪಕ್ಷ. ಒಂದು ಪಕ್ಷದವರು ನಮ್ಮಂಥ ಸಲಿಂಗಿಗಳನ್ನು ಊರಾಚೆ ಅಟ್ಟಬೇಕು ಎನ್ನುತ್ತಿದ್ದರು. ಇನ್ನೊಂದು ಪಕ್ಷದವರು ಮೃದು ಮನಸ್ಸಿನವರು. ನಮ್ಮ ವಿಷಯ ಬಂದರೆ ಬಹಳ ಮರುಗಿ, ಮೊದಲು ಚರಂಡಿ ಕೆಲಸ ಆಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ಚರಂಡಿ ಇನ್ನೂ ಆಗಿಲ್ಲ. ಅವರಲ್ಲೇ ಒಬ್ಬರು, ನಿಮಗೂ ಒಂದು ಬೇರೆ ಮುದ್ರೆ ಕೊಡಿಸಲು ಪ್ರಯತ್ನಿಸೋಣ ಎಂದಾಗ ಮೇಷ್ಟ್ರು ಸಿಡುಕಿದ್ದು ನನಗೆ ಈಗಲೂ ನೆನಪಿದೆ.

"ನಮಗೆ ಬೇರೆ ಮುದ್ರೆ ಬೇಡ ಸ್ವಾಮಿ. ಮುದ್ರೆನೇ ಬೇಡ. ಇವತ್ತು ಯಾವ ಕೈ ಕೊಡುತ್ತೋ ನಾಳೆ ಅದೇ ಕೈ ಕಿತ್ಕೊಳ್ಳುತ್ತೆ. ನಮಗೂ ಬೇಡ, ಇವರ ಎದುರುಮನೆ ಸುಬ್ಬಲಕ್ಷ್ಮಿಗೂ ಬೇಡ. ಅವಳ ಒಲೆ ಅವಳು ಹಚ್ಕೊಳ್ಲಿ, ನಮ್ಮ ಒಲೆ ನಾವು ಹಚ್ಕೋತೀವಿ. ಮಧ್ಯದಲ್ಲಿ ನಿಮಗೇನು ಕೆಲಸ? ನಮ್ಮನ್ನ ಬಿಡಿ."

ಹೀಗೆ ಬಿಡಿ ಸಂಘ ಅಂತ ಹೆಸರು ಬಿತ್ತು. ನಮ್ಮನ್ನು ಬಿಡಿ ಅಂತಲೂ ಆಯಿತು, ನಾವೆಲ್ಲ ಬಿಡಿಬಿಡಿ ಮನುಷ್ಯರು, ಯಾವ ಕಟ್ಟಿನಲ್ಲೂ ಕಟ್ಟಬೇಡಿ ಅಂತಲೂ ಆಯಿತು. ಊರಿನವರು ಬೀಡಿ ಸಂಘ ಅಂತ ಅಣಕಿಸಿದರು. ದಸ್ತಗೀರಣ್ಣ ಅದಕ್ಕೆ ನಕ್ಕು, ಬಂದವರಿಗೆಲ್ಲ ಒಂದೊಂದು ಬೀಡಿ ಕೊಡುತ್ತಿದ್ದ. ಹಚ್ಚಿಕೊಳ್ಳಲು ಮಾತ್ರ ರಸ್ತೆಗೆ ಹೋಗಬೇಕಾಗಿತ್ತು.

ಪ್ರತಿ ಗುರುವಾರ ಸಂಜೆ ಶಾಪಿಗೆ ರಜೆ, ನಮಗೆ ಸಭೆ. ಎಲ್ಲರೂ ಒಂದೊಂದು ತಣ್ಣನೆಯ ತಿನಿಸು ತರುತ್ತಿದ್ದೆವು: ಕೋಸಂಬರಿ, ರಸಾಯನ, ನೆನೆಸಿದ ಕಡಲೆ, ಮೊಸರವಲಕ್ಕಿ. ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಕೈ ಎತ್ತಿಸುವುದಿಲ್ಲ. ಯಾರೇ ಏನೇ ಸೂಚಿಸಿದರೂ, ಕೂತವರಲ್ಲಿ ಒಬ್ಬರು "ಬಿಡಿ" ಎಂದರೆ ಆ ಮಾತು ಅಲ್ಲಿಗೆ ಬಿದ್ದುಹೋಯಿತು. ಹದಿನೆಂಟು ಜನ ಸೇರಿ ಒಬ್ಬನನ್ನು ಬಗ್ಗಿಸಿದರೆ ಅದಕ್ಕೂ ಪುರಸಭೆಗೂ ಏನು ವ್ಯತ್ಯಾಸ ಎಂಬುದು ಮೇಷ್ಟ್ರ ವಾದ. ಈ ಪದ್ಧತಿಯಿಂದ ಒಂದು ಕರಪತ್ರ ಬರೆಯಲು ಒಂಬತ್ತು ತಿಂಗಳು ಹಿಡಿಯಿತು. ಕೊನೆಗೂ ಅಚ್ಚಾದದ್ದು ಮೂರು ಸಾಲು. ವಾರ್ಡ್ ಚುನಾವಣೆಗೆ ಮೇಷ್ಟ್ರು ಬೆಂಕಿಪೊಟ್ಟಣದ ಗುರುತಿನಲ್ಲಿ ನಿಂತರು. ಸಂಘದಲ್ಲಿ ಹತ್ತೊಂಬತ್ತು ಜನ ಇದ್ದೆವು, ಬಿದ್ದದ್ದು ಹದಿನಾಲ್ಕು ವೋಟು. ಆ ಐವರು ಯಾರು ಅಂತ ಯಾರೂ ಕೇಳಲಿಲ್ಲ, ಕೇಳುವುದು ನಮ್ಮ ತತ್ವಕ್ಕೆ ವಿರುದ್ಧವಾಗಿತ್ತು. ನನಗೆ ಇವತ್ತಿಗೂ ಕೇಳಬೇಕು ಅನ್ನಿಸುತ್ತದೆ.

ಏನೇ ಆಗಲಿ, ಆ ಗುರುವಾರಗಳಲ್ಲಿ ನಾವು ಬದುಕಿದ್ದೆವು. ತಣ್ಣಗೆ ತಿಂದು ಬಿಸಿಬಿಸಿ ಜಗಳವಾಡಿ ಮನೆಗೆ ಹೋಗುತ್ತಿದ್ದೆವು. ಹಾಗೇ ಹದಿನೆಂಟು ವರ್ಷ ಕಳೆಯಿತು.

ಆಮೇಲೆ ಬಂದವನು ವಕೀಲ ಪ್ರಾಣೇಶ. ಅವನೂ ನಮ್ಮವನೇ, ಬ್ಯಾಂಕಿನಲ್ಲಿದ್ದ ಒಬ್ಬರ ಜೊತೆ ಬಾಳುತ್ತಿದ್ದ. ಚುರುಕು ಬುದ್ಧಿ, ಸವಿ ಮಾತು. ಒಂದು ಗುರುವಾರ, ಎರಡು ವರ್ಷದ ಹಿಂದೆ, ಅವನು ಎದ್ದು ನಿಂತು, "ನಮ್ಮ ಅರ್ಜಿನ ಪುರಸಭೆ ಮುಟ್ಟೋದೂ ಇಲ್ಲ. ಸಂಘದ ಮುದ್ರೆ ಇಲ್ಲದ ಕಾಗದ ತಗೊಳಲ್ವಂತೆ. ಒಂದು ಮುದ್ರೆ ಮಾಡಿಸ್ಬಿಡೋಣ, ಬರೀ ಕಾಗದಕ್ಕೆ. ನಮ್ಮ ಮಣಿಯಕ್ಕ ಇದಾರಲ್ಲ" ಎಂದ. ಚೂಡಾಮಣಿ ಎಂಬ ನನ್ನ ಹೆಸರನ್ನು ಎಲ್ಲರೂ ಮೊಟಕು ಮಾಡಿದ್ದಾರೆ.

ಮೇಷ್ಟ್ರಿಗೆ ಅವತ್ತು ಜ್ವರ, ಬಂದಿರಲಿಲ್ಲ. ಭ್ರಮರಾಂಬ ನನ್ನ ಮುಖ ನೋಡಿದಳು. ಬಿಡಿ ಅನ್ನಬೇಕಾದವಳು ನಾನು. ಮುದ್ರೆ ಅಂದರೆ ಏನು ಅಂತ ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ಹದಿನೆಂಟು ವರ್ಷದಲ್ಲಿ ಸಂಘ ನನ್ನ ಕಸುಬನ್ನು ಮೊದಲ ಸಲ ಕೇಳಿತ್ತು. ಉಬ್ಬಿಹೋದೆ. ಅಕ್ಷರ ದುಂಡಗಿರಲೋ ಚೌಕವಿರಲೋ ಎಂದು ಕೇಳಿದೆ. ಅಷ್ಟೇ, ಯಾರೂ ಬಿಡಿ ಅನ್ನಲಿಲ್ಲ.

ಅಂಗಡಿಯಿಂದ ಮನೆಗೆ ತಂದ ಕೆಲಸಕ್ಕೆ ನಮ್ಮ ಅಡುಗೆಮನೆಯ ಒಲೆಕಟ್ಟೆಯೇ ಮೇಜು. ಹೇಗೂ ಉರಿಯದ ಒಲೆ, ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತದೆ. ಅಲ್ಲೇ ಕೂತು ಮೂರು ದಿನ ಕೆತ್ತಿದೆ. ಕೆತ್ತಿದ ಮೇಲೆ ಶಾಯಿ ಹಚ್ಚಿ ಕೈಗೆ ಸಿಕ್ಕಿದ್ದರ ಮೇಲೆ ಒಂದು ಸಲ ಒತ್ತಿ ನೋಡುವುದು ನನ್ನ ಚಾಳಿ. ಅವತ್ತು ಕೈಗೆ ಸಿಕ್ಕಿದ್ದು ಒಲೆ. ದುಂಡಗೆ, ಸ್ಪಷ್ಟವಾಗಿ ಮೂಡಿತು: ಬಿಡಿ ಸಂಘ.

ಮಾರನೇ ಬೆಳಿಗ್ಗೆ ಭ್ರಮರಾಂಬ ಹಾಜರಿ ಹಾಕಲು ಕಡ್ಡಿ ಗೀರಿದಳು. ಹಿಡಿಯಿತು. ಅವಳು ಕೂಗಿದ ಕೂಗಿಗೆ ಸುಬ್ಬಲಕ್ಷ್ಮಿ ಬಾಗಿಲಿಗೆ ಬಂದಳು. ನಾವಿಬ್ಬರೂ ಒಲೆಯ ಮುಂದೆ ಕೂತು ಆ ಉರಿಯನ್ನು ನೋಡಿದ್ದೇ ನೋಡಿದ್ದು. ಕಾಫಿಪುಡಿ ಮನೆಯಲ್ಲಿರಲಿಲ್ಲ, ಓಡಿಹೋಗಿ ತಂದೆ. ಮೊದಲ ಗುಟುಕಿಗೆ ನಾಲಿಗೆ ಸುಟ್ಟುಕೊಂಡು ಇಬ್ಬರೂ ಅತ್ತೆವು. ಅವತ್ತು ನನಗೆ ಆದ ಸಂತೋಷವನ್ನು ಈಗ ಸುಳ್ಳು ಎನ್ನಲಾರೆ.

ಒಂದು ವಾರದಲ್ಲಿ ಸಂಘದವರ ಒಲೆಗಳೆಲ್ಲ ಹತ್ತಿದವು. ಮೇಷ್ಟ್ರ ಮನೆಯೊಂದನ್ನು ಬಿಟ್ಟು. ನಾನೇ ಮುದ್ರೆ ಹಿಡಿದು ಹೋಗಿದ್ದೆ. ಮೇಷ್ಟ್ರು ಕನ್ನಡಕ ಏರಿಸಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಕೆಲಸ ಅಚ್ಚುಕಟ್ಟಾಗಿದೆ ಕಣಮ್ಮ. ಆದ್ರೆ ನಮ್ಮ ಮುದ್ರೆನೂ ಮುದ್ರೆನೇ" ಎಂದು ವಾಪಸ್ಸು ಕೊಟ್ಟರು. ದಸ್ತಗೀರಣ್ಣ ಬಾಗಿಲವರೆಗೆ ಬಂದು, "ಆ ಮುದುಕನಿಗೆ ಹಟ. ನಂಗೆ ಬಿಸಿ ಚಾ ಆಸೆ. ಏನ್ ಮಾಡ್ಲಿ, ಮುದುಕನ ಮೇಲೆ ಆಸೆ ಜಾಸ್ತಿ" ಎಂದು ನಕ್ಕ.

ಗುರುವಾರದ ತಣ್ಣನೆಯ ಊಟ ನಿಂತುಹೋಯಿತು. ಮನೆಯಲ್ಲಿ ಬಿಸಿ ಸಾರು ಇರುವಾಗ ಕೋಸಂಬರಿ ಯಾರಿಗೆ ಬೇಕು? ಊರಿನ ಬೇರೆ ಕಡೆಯಿಂದಲೂ ಜೋಡಿಗಳು ಬಂದು ಮುದ್ರೆ ಕೇಳತೊಡಗಿದರು. ಪ್ರಾಣೇಶ, ಒಂದು ಶಿಸ್ತು ಬೇಕಲ್ಲವೇ ಎಂದ. ಮುದ್ರೆಯನ್ನು ತನ್ನ ಕಬ್ಬಿಣದ ಬೀರುವಿನಲ್ಲಿಟ್ಟ. ಬಹುಮತದ ನಿಯಮ ತಂದ. ಪುರಸಭೆಯವರ ಜೊತೆ ಮಾತುಕತೆಗೆ ಹೋದ. ಅವರು, ನಿಮ್ಮ ಜನರ ಪಟ್ಟಿ ವರ್ಷವರ್ಷ ಕೊಡುವುದಾದರೆ ನಿಮ್ಮ ಮುದ್ರೆಗೆ ನಮ್ಮ ಅಡ್ಡಿಯಿಲ್ಲ ಎಂದರಂತೆ. ಇವನು ಚಪ್ಪಾಳೆ ಹೊಡೆಸಿ ಈ ಸುದ್ದಿ ಹೇಳಿದ. ಮೊದಲು ನಮ್ಮನ್ನು ಹುಡುಕಿ ಹಿಡಿಯಬೇಕಾಗಿತ್ತು, ಈಗ ನಾವೇ ಪಟ್ಟಿ ಬರೆದು ಒಯ್ದು ಕೊಡುವಂತಾಯಿತು. ಅದಕ್ಕೂ ಬಿಸಿ ಸಾರು ಕುಡಿದು ಸುಮ್ಮನಿದ್ದೆವು.

ಈ ವರ್ಷ ನವೀಕರಣಕ್ಕೆ ಅರ್ಜಿ ನಮೂನೆ ಬಂತು. ಪ್ರಾಣೇಶ ಪುರಸಭೆಯ ನಮೂನೆಯನ್ನೇ ಇಟ್ಟುಕೊಂಡು ಮೇಲಿನ ಹೆಸರು ಮಾತ್ರ ಬದಲಿಸಿದ್ದ. ಎಷ್ಟು ವರ್ಷದಿಂದ ಜೊತೆಗಿದ್ದೀರಿ, ನೆರೆಯವರಲ್ಲಿ ಇಬ್ಬರ ಸಹಿ, ಅದೆಲ್ಲ ಸರಿ. ಮೊದಲ ಸಾಲಿನಲ್ಲೇ ಇತ್ತು: ಯಜಮಾನರ ಹೆಸರು. ಅದರ ಕೆಳಗೆ: ಅವಲಂಬಿತರ ಹೆಸರು.

"ಈ ಮನೇಲಿ ಯಜಮಾನರೂ ಇಲ್ಲ, ಅವಲಂಬಿತರೂ ಇಲ್ಲ. ಖಾಲಿ ಬಿಟ್ಟು ಕಳಿಸು" ಎಂದಳು ಭ್ರಮರಾಂಬ.

"ಖಾಲಿ ಬಿಟ್ರೆ ತಗೊಳಲ್ವಂತೆ ಕಣೆ. ಬರೀ ಕಾಗದ ತಾನೆ? ಯಾರ ಹೆಸರು ಬರೆದ್ರೇನು?"

"ಬರೀ ಕಾಗದ ಅಂತಲೇ ಅವತ್ತೂ ಅವನು ಹೇಳಿದ್ದು. ನಿನ್ನ ಹೆಸರು ಮಣಿ ಅಂತ ಇದೆ ಅಂದ್ಮಾತ್ರಕ್ಕೆ ಎಲ್ಲರ ಮುಂದೆ ಮಣೀಲೇಬೇಕಾ?"

ನವೀಕರಣದ ಗಡುವು ಮುಗಿದ ದಿನ ಒಲೆ ಆರಿತು. ಅವಳು ಏನೂ ಆಗದವಳಂತೆ ಅವಲಕ್ಕಿ ನೆನೆಸಿದಳು, ಬೆಳಿಗ್ಗೆ ಹಾಜರಿ ಹಾಕಿದಳು. ನನ್ನಿಂದ ಆಗಲಿಲ್ಲ. ಎರಡು ವರ್ಷ ಬಿಸಿನೀರು ಕಂಡ ಮೈ ತಣ್ಣೀರಿಗೆ ಒಗ್ಗಲಿಲ್ಲ, ಅಥವಾ ನಾನು ಹೇಡಿ. ಐದನೇ ದಿನ ನಾನೇ ನಮೂನೆ ತುಂಬಿದೆ. ಯಜಮಾನರು: ಚೂಡಾಮಣಿ. ಅವಲಂಬಿತರು: ಭ್ರಮರಾಂಬ. ಅವಳ ಸಹಿಯನ್ನೂ ನಾನೇ ಹಾಕಿದೆ. ಅಕ್ಷರ ಕೆತ್ತುವವಳಿಗೆ ಇನ್ನೊಬ್ಬರ ಸಹಿ ಎಷ್ಟರ ಕೆಲಸ?

ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಇಪ್ಪತ್ತೈದು ವರ್ಷ ಅಂಚೆ ಕಚೇರಿಯವಳ ಜೊತೆ ಬಾಳಿ ಇದು ಹೊಳೆಯದಿದ್ದರೆ ನನ್ನ ತಲೆಯಲ್ಲಿ ಇರುವುದು ರಬ್ಬರೇ ಸರಿ. ನಮ್ಮ ವಿಳಾಸದ ಲಕೋಟೆ ಅವಳ ಕೈಗೇ ಬಿತ್ತು. ಮಧ್ಯಾಹ್ನವೇ ಮನೆಗೆ ಬಂದಳು. ಅವಳು ಕೆಲಸಕ್ಕೆ ಹೋದ ಮೇಲೆ ಒಲೆ ಹತ್ತಿತ್ತು, ನಾನು ಸಾರು ಇಟ್ಟಿದ್ದೆ. ಇಬ್ಬರ ಸಹಿಯ ನಕಲೂ ಇದ್ದ ಆ ಪತ್ರವನ್ನು ಸಾರಿನ ಪಾತ್ರೆಯ ಪಕ್ಕ ಇಟ್ಟು, "ನನ್ನ ಸಹಿಯಲ್ಲಿ ಕೊನೆ ಅಕ್ಷರಕ್ಕೆ ಬಾಲ ಇರಲ್ಲ" ಎಂದಳು. ಎರಡು ಸೀರೆ, ಹಲ್ಲುಜ್ಜುವ ಬ್ರಷ್ಷು, ಬೆಂಕಿಪೊಟ್ಟಣ, ಕೊನೆಗೆ ಆ ಪತ್ರವನ್ನೂ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದಳು.

ಅವಳು ಹೋದಳು, ಒಲೆ ಆರಲಿಲ್ಲ. ನನ್ನ ಹೊಟ್ಟೆಯಲ್ಲಿ ಬೆಂಕಿ ಹಚ್ಚಿದ್ದು ಇದೇ. ಅವಳು ಮನೆಯಲ್ಲಿದ್ದ ಇಪ್ಪತ್ತಮೂರು ವರ್ಷ ಒಂದು ಕಡ್ಡಿಗೂ ಹತ್ತದ ಒಲೆ, ಅವಳು ಹೋದ ಮೇಲೆ ಸುಬ್ಬಲಕ್ಷ್ಮಿಯ ಒಲೆಯ ಹಾಗೆಯೇ ಚೆನ್ನಾಗಿ ಉರಿಯಿತು. ದಾಖಲೆ ಸರಿಯಿತ್ತಲ್ಲ. ಎರಡು ದಿನ ಆ ಉರಿಯನ್ನು ನೋಡುತ್ತ ಕೂತೆ. ಮೂರನೆಯ ದಿನ ಗುರುವಾರ.

ಸಭೆ ಈಗ ಪ್ರಾಣೇಶನ ಆಫೀಸಿನಲ್ಲಿ, ಕುರ್ಚಿಗಳಿವೆ. ಹೊಸ ಅರ್ಜಿಗಳ ವಿಚಾರಣೆ ನಡೆಯುತ್ತಿತ್ತು. ಗಾರೆ ಕೆಲಸದ ಇಬ್ಬರು ಗಂಡಸರು ಕೈಕಟ್ಟಿ ನಿಂತಿದ್ದರು. ನೀವಿಬ್ಬರೂ ಜೊತೆಗಿದ್ದು ಬರೀ ಏಳು ತಿಂಗಳಾಯಿತಲ್ಲ, ಗಟ್ಟಿ ಸಂಬಂಧ ಅಂತ ನಾವು ಹೇಗೆ ನಂಬಬೇಕು ಎಂದು ಒಬ್ಬರು ಕೇಳುತ್ತಿದ್ದರು. ಕೇಳುತ್ತಿದ್ದವರನ್ನು ನೋಡಿದೆ. ನನ್ನ ಜೊತೆ ಹದಿನೆಂಟು ವರ್ಷ ಕೋಸಂಬರಿ ತಿಂದವರು.

"ಬಿಡಿ" ಎಂದೆ.

ಯಾರೂ ತಿರುಗಲಿಲ್ಲ. "ಬಿಡಿ!" ಎಂದು ಕೂಗಿದೆ.

ಪ್ರಾಣೇಶ ಮೆಲ್ಲಗೆ ನಕ್ಕ. "ಮಣಿಯಕ್ಕ, ಈಗ ಬಹುಮತದ ನಿಯಮ ಇದೆಯಲ್ಲ. ನಿಮ್ಮ ಬಿಡಿನ ನಡಾವಳಿಲಿ ಬರ್ಕೋತೀವಿ, ಆಯ್ತಾ? ಕೂತ್ಕೊಳ್ಳಿ, ಬಿಸಿ ಬೋಂಡ ಬರ್ತಿದೆ."

"ಬರ್ಕೋತೀಯಾ? ಒಂದು ಬಿಡಿ ಅಂದ್ರೆ ಎಲ್ಲ ನಿಲ್ತಿದ್ದ ಸಂಘ ಕಣಯ್ಯ ಇದು! ಆ ಇಬ್ಬರ ಮನೆ ಬೆಂಕಿ ತಡೆಯೋಕೆ ನೀನ್ಯಾರು? ನಾನ್ಯಾರು? ಏಳು ತಿಂಗಳಂತೆ! ನಿನಗೆ ಹಸಿವಾಗೋಕೆ ಎಷ್ಟು ತಿಂಗಳು ಬೇಕು?"

ಮುದ್ರೆ ಮೇಜಿನ ಮೇಲಿತ್ತು. ತೆಗೆದುಕೊಂಡೆ. ಅದು ಸಂಘದ ಸ್ವತ್ತು ಅಂತ ಯಾರೋ ಅಂದರು. ಕೆತ್ತಿದ ಕೈ ನನ್ನದು ಅಂದೆ. ಯಾರೂ ತಡೆಯಲಿಲ್ಲ, ಅಥವಾ ನನ್ನ ಮುಖ ನೋಡಿ ಹಿಂದೆ ಸರಿದರು. ಹೊರಡುವಾಗ ಆ ಗಾರೆ ಕೆಲಸದವರಿಗೆ, ನನ್ನ ಜೊತೆ ಬನ್ನಿ ಎಂದೆ. ಅವರು ಹೆದರಿಕೊಂಡೇ ಬಂದರು.

ಮೇಷ್ಟ್ರ ಮನೆಯಲ್ಲಿ ಭ್ರಮರಾಂಬ ಕಡಲೆ ಬಿಡಿಸುತ್ತ ಕೂತಿದ್ದಳು. ಮುದ್ರೆಯನ್ನು ಅವಳ ಮುಂದಿಟ್ಟೆ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಬಾಯಿಂದ ಬಂದದ್ದು ಇಷ್ಟೇ: "ನಾನು ಅವತ್ತು ಬಿಡಿ ಅನ್ನಬೇಕಾಗಿತ್ತು ಕಣೆ."

"ಹೂಂ" ಎಂದಳು. ಮುದ್ರೆಯನ್ನು ಕೈಗೆತ್ತಿಕೊಂಡು ಹಿಡಿಯನ್ನು ಉಗುರಿನಿಂದ ಕೆರೆದು ನೋಡಿದಳು. "ಹಲಸಿನ ಮರ ಅಲ್ವಾ ಇದು? ಚೆನ್ನಾಗಿ ಒಣಗಿದೆ."

ಎದ್ದುಹೋಗಿ ಮೇಷ್ಟ್ರ ಒಲೆಯೊಳಗೆ, ಎಷ್ಟೋ ವರ್ಷದಿಂದ ಜೇಡ ಬಲೆ ಕಟ್ಟಿದ್ದ ಆ ಒಲೆಯೊಳಗೆ, ಮುದ್ರೆಯನ್ನು ಎಸೆದಳು. ಮೇಲೆ ನನ್ನ ಪ್ರಮಾಣಪತ್ರವನ್ನು ಹಾಕಿದಳು. ಜೊತೆಗೇ ತಂದಿಟ್ಟುಕೊಂಡಿದ್ದಳು. ದಿನದ ಹಾಜರಿಯ ಹಾಗೆ ಒಂದು ಕಡ್ಡಿ ಗೀರಿದಳು.

ಹಿಡಿಯಿತು. ಆ ಒಲೆಗೆ ಯಾರ ಮುದ್ರೆಯೂ ಇರಲಿಲ್ಲ, ಆದರೂ ಹಿಡಿಯಿತು. ದಸ್ತಗೀರಣ್ಣ ಯಾ ಅಲ್ಲಾ ಅಂದು ಚಾ ಪಾತ್ರೆ ಹುಡುಕಲು ಓಡಿದ. ರಬ್ಬರು ಸುಟ್ಟ ನಾತಕ್ಕೆ ಎಲ್ಲರೂ ಕೆಮ್ಮಿದೆವು. ಒಂದು ಹಿಡಿ ಮರ ಎಷ್ಟು ಹೊತ್ತು ಉರಿದೀತು? ಚಾ ಕುದಿಯಲಿಲ್ಲ, ಉಗುರುಬೆಚ್ಚಗಾಗುವಷ್ಟರಲ್ಲಿ ಬೆಂಕಿ ಆರಿತು. ಆರು ಜನ ಆ ಒಂದು ಪಾತ್ರೆಯನ್ನು ಹಂಚಿಕೊಂಡೆವು. ಮೇಷ್ಟ್ರು ಒಂದು ಗುಟುಕು ಕುಡಿದು ಮುಖ ಕಿವಿಚಿ, "ಬರೀ ರಬ್ಬರ್ ವಾಸನೆ" ಎಂದರು. ಆದರೂ ಲೋಟವನ್ನು ಕೆಳಗಿಡಲಿಲ್ಲ. ಗಾರೆ ಕೆಲಸದವರಲ್ಲಿ ಒಬ್ಬ, ಒಲೆಯೊಳಗೆ ಬಗ್ಗಿ ನೋಡಿ, "ಸೌದೆ ಮುಗ್ದೋಯ್ತಲ್ಲಕ್ಕ" ಎಂದ.

ಭ್ರಮರಾಂಬ ನನ್ನ ಮುಖ ನೋಡಿದಳು. ಎರಡು ವರ್ಷದ ಹಿಂದೆ ಸಭೆಯಲ್ಲಿ ನೋಡಿದ್ದಳಲ್ಲ, ಹಾಗೆಯೇ. ಮಾವಿನಕಾಯಿ ಪೇಟೆಗೆ ಬಂದಾಗಿತ್ತು, ಸೋಮವಾರದಿಂದ ಮುದ್ರೆ ಒತ್ತುವ ಕೆಲಸ ಶುರು. ಇಪ್ಪತ್ತೇಳು ವಾರ್ಡಿನ ಮುದ್ರೆಗಳು, ಹಲಸಿನ ಮರದ ಹಿಡಿಯವು, ಗೋಣಿಚೀಲದ ತುಂಬ ನನ್ನ ಅಂಗಡಿಯಲ್ಲಿದ್ದವು. ಈ ಸಲ ನಾನು ಸುಮ್ಮನೆ ಕೂರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ.

"ಚೀಲ ಭಾರ ಇದೆ, ನೀವಿಬ್ಬರೂ ಬನ್ನಿ" ಎಂದೆ ಗಾರೆ ಕೆಲಸದವರಿಗೆ. "ಅಂಬಾ, ನೀನು ಸುಬ್ಬಲಕ್ಷ್ಮಿನ ಕರಿ. ಅವಳಿಗೂ ಒಂದು ಪಾಲು ಸೌದೆ ಕೊಡೋಣ."